ಮಗಳ ಕ್ಯಾಲ್ಸಿಯಂ, ಅತ್ತೆಯ ಮದ್ದು

ಅಳೋಣವೆಂದು ಕೂತಾಗಲೇ ಯಾರಾದರೂ ನಗಿಸಿಬಿಡುವ ಮನೆ ನಮ್ಮದು. ಗೋಣಿಕೊಪ್ಪಲಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಗಂಡ ಕುಟ್ಟದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮಗಳು ಒಬ್ಬಳೇ, ಒಂಬತ್ತು ವರ್ಷ. ಹುಟ್ಟುವಾಗಲೇ ಅವಳ ಒಂದು ಕ್ರೋಮೋಸೋಮಿನಲ್ಲಿ ಚೂರೊಂದು ಇರಲಿಲ್ಲವಂತೆ. ಅದರಿಂದ ಕುತ್ತಿಗೆಯಲ್ಲಿ ಕ್ಯಾಲ್ಸಿಯಂ ನೋಡಿಕೊಳ್ಳುವ ಪುಟ್ಟ ಗ್ರಂಥಿಗಳು ಸರಿಯಾಗಿ ಬೆಳೆದಿಲ್ಲ. ಕ್ಯಾಲ್ಸಿಯಂ ಇಳಿದರೆ ಬೆರಳು ಸೆಟೆದುಕೊಳ್ಳುತ್ತವೆ, ತೀರಾ ಇಳಿದರೆ ಫಿಟ್ಸ್. ಮಾತ್ರೆ ಹೆಚ್ಚಾದರೆ ಕಿಡ್ನಿಗೆ ಪೆಟ್ಟು. ಈ ಎರಡು ಭಯದ ನಡುವೆ ನಮ್ಮ ದಿನ ಹೋಗುತ್ತದೆ.

೧. ಯಾರ ಕಡೆಯಿಂದ ಹೋಯಿತು?

ಮೈಸೂರಿನ ಡಾಕ್ಟರು ಚೂರಿಲ್ಲ ಎಂದ ದಿನದಿಂದ ನನ್ನ ಅಮ್ಮನಿಗೂ ಅತ್ತೆಗೂ ಜಟಾಪಟಿ.

"ನಮ್ಮ ಕಡೆಯಿಂದ ಪೂರ್ತಿ ಕೊಟ್ಟಿದ್ದೇವೆ" ಎಂದು ಅತ್ತೆ.

"ನಮ್ಮಲ್ಲಿ ಯಾರಿಗೂ ಎಂತದೂ ಕಮ್ಮಿ ಇಲ್ಲ" ಎಂದು ಅಮ್ಮ.

ಕೊನೆಗೆ ನನ್ನದೂ ಗಂಡನದೂ ರಕ್ತ ಪರೀಕ್ಷೆಯಾಯಿತು. ಇಬ್ಬರದೂ ಸರಿಯಾಗಿತ್ತು. ಅದು ತಾನಾಗಿಯೇ ಹೋದದ್ದು, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ತಪ್ಪು ಹೊರಿಸಲು ಯಾರೂ ಸಿಗದೆ ನನಗೆ ಅಳು ಬಂತು. ಅಮ್ಮನೂ ಅತ್ತೆಯೂ ಮಾತ್ರ ಅಂದೇ ರಾಜಿಯಾಗಿ, ಒಟ್ಟಿಗೆ ಕೂತು ಡಾಕ್ಟರನ್ನು ಬೈದರು.

೨. ಮುದ್ರೆ

ಶಾಲೆಯಲ್ಲಿ ನೃತ್ಯ ಸ್ಪರ್ಧೆಯ ಅಭ್ಯಾಸ. ಟೀಚರು ಸಂಭ್ರಮದಿಂದ ಫೋನ್ ಮಾಡಿದರು: "ನಿಮ್ಮ ಮಗಳನ್ನು ನೋಡ್ಬೇಕು ನೀವು. ಬೇರೆ ಮಕ್ಕಳು ಹಾಡು ಮುಗಿದ ಕೂಡಲೇ ಕೈ ಬಿಡ್ತಾರೆ. ಇವಳು ಇನ್ನೂ ಮುದ್ರೆ ಬಿಟ್ಟಿಲ್ಲ."

ಕತ್ತರಿ ಬಿಸಾಡಿ, ಮಾತ್ರೆ ಹಿಡಿದು ಓಡಿದೆ. ಬೆರಳು ಸಡಿಲವಾದ ಮೇಲೆ ಮಗಳು ಕಣ್ಣೊರೆಸಿಕೊಂಡು, "ಅಮ್ಮಾ, ಫಸ್ಟ್ ನಾನೇ ಅಂತೆ. ಕಾಯಿಲೆ ಅಂತ ಹೇಳ್ಬೇಡ" ಎಂದು ಪಿಸುಗುಟ್ಟಿದಳು. ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಬಹುಮಾನ ತಪ್ಪಿಸಿದವಳೆಂದು ಅವಳು ಎರಡು ದಿನ ನನ್ನೊಡನೆ ಟೂ ಬಿಟ್ಟಳು.

೩. ಕೆಂಪು

ಕಿಡ್ನಿ ಹೇಗಿದೆ ಎಂದು ತಿಳಿಯಲು ಇಡೀ ದಿನದ ಮೂತ್ರ ಬೇಕಿತ್ತು. ಮಗಳು ನಾಚಿಕೊಂಡು, ನನ್ನನ್ನು ಹತ್ತಿರ ಸೇರಿಸದೆ, ತಾನೇ ಕಪ್ಪು ಕ್ಯಾನಿಗೆ ತುಂಬಿಸಿದಳು. ವಿರಾಜಪೇಟೆಯ ಲ್ಯಾಬಿಗೆ ಕೊಟ್ಟು ಬಂದೆ. ಮಧ್ಯಾಹ್ನ ಅಲ್ಲಿಂದ ಫೋನು: "ತುಂಬಾ ಕೆಂಪಗಿದೆ. ರಕ್ತ ಇರಬಹುದು, ಕೂಡಲೇ ಡಾಕ್ಟರಿಗೆ ತೋರಿಸಿ."

ಮೈಸೂರು ಬಸ್ಸಿನಲ್ಲಿ ಮಗಳನ್ನು ಅಪ್ಪಿಕೊಂಡು ದಾರಿಯುದ್ದಕ್ಕೂ ಕಣ್ಣೀರು ಹಾಕಿದೆ. ಜೊತೆಗೆ ಬಂದ ಅತ್ತೆ ಕಿಟಕಿಯಾಚೆಯೇ ನೋಡುತ್ತಿದ್ದರು. ಡಾಕ್ಟರ ಎದುರು ಕೂತ ಮೇಲೆ ಮೆಲ್ಲಗೆ ಬಾಯಿಬಿಟ್ಟರು: "ಮೊನ್ನೆ ಆಟಿ ತಿಂಗಳ ಹದಿನೆಂಟು, ನಮ್ಮಲ್ಲಿ ಮದ್ದುಸೊಪ್ಪು ತಿನ್ನೋ ದಿನ. ಡಾಕ್ಟರನ್ನು ಕೇಳದೆ ಮಗುವಿಗೆ ಎಂತದೂ ಕೊಡ್ಬೇಡಿ ಅಂದಿದ್ಲು ಸೊಸೆ. ನಾನು ಕದ್ದು ಆ ಸೊಪ್ಪಿನ ಪಾಯಸ ಕೊಟ್ಟೆ. ಅದು ತಿಂದ್ರೆ ಎಲ್ಲರಿಗೂ ಕೆಂಪೇ ಹೋಗೋದು."

"ಬಸ್ಸಲ್ಲೇ ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ನೀನು ಅರ್ಧ ದಾರಿಲೇ ಇಳೀತಿದ್ದೆ. ಒಂದು ವೇಳೆ ರಕ್ತವೇ ಆಗಿದ್ರೆ?"

ಮತ್ತೆ ಪರೀಕ್ಷೆ ಮಾಡಿದರು. ರಕ್ತವಿರಲಿಲ್ಲ, ಕಿಡ್ನಿಯೂ ಚೆನ್ನಾಗಿತ್ತು.

"ಯಾಕಮ್ಮ ಕೊಟ್ರಿ?" ಎಂದು ಡಾಕ್ಟರು ಅತ್ತೆಯನ್ನು ಕೇಳಿದರು.

"ಆ ದಿನ ಸೊಪ್ಪಲ್ಲಿ ಹದಿನೆಂಟು ಮದ್ದು ಉಂಟು. ಒಂದಾದ್ರೂ ಇವಳಿಗೆ ತಾಗಬಹುದು ಅಂತ."

ಡಾಕ್ಟರು ಕನ್ನಡಕ ತೆಗೆದರು. "ನನ್ನ ಹತ್ರ ಇರೋದು ಎರಡೇ ಮಾತ್ರೆ ಅಮ್ಮ. ಅವೂ ವಾಸಿ ಮಾಡೋದಿಲ್ಲ. ಜೀವ ಇರೋವರೆಗೂ ತಗೊಳ್ತಾ ಇರ್ಬೇಕು."

ಅತ್ತೆ ಅವರನ್ನು ಬಹಳ ಕನಿಕರದಿಂದ ನೋಡಿದರು.

"ಎರಡೇನಾ? ಮುಂದಿನ ವರ್ಷ ನಿಮಗೂ ಒಂದು ಕಟ್ಟು ಸೊಪ್ಪು ತರ್ತೇನೆ."