ಜೇಬಿದ್ದ ಕೌದಿ

ಟೈಲರಣ್ಣ ತನ್ನ ಒಂದೇ ಒಂದು ಕೋಟು ಹುಡುಕುತ್ತ ಬೀರುವನ್ನೆಲ್ಲ ತಲೆಕೆಳಗು ಮಾಡುತ್ತಿದ್ದ. ನರ್ಸಮ್ಮ ಹೊಸ ಮನೆ ಕಟ್ಟಿಸಿ, ಇಡೀ ಬೀದಿಯನ್ನೇ ಊಟಕ್ಕೆ ಕರೆದಿದ್ದರು.

"ಇರೋ ಅಂಗೀಲೇ ಬನ್ನಿ, ನಿಮ್ಮನ್ನ ಯಾರು ನೋಡ್ತಾರೆ? ನಾನು ಮುಂದೆ ಹೋಗಿರ್ತೀನಿ," ಎಂದಳು ಹೆಂಡತಿ. ಅವಳ ಕಂಕುಳಲ್ಲಿ ಕಾಗದ ಸುತ್ತಿದ ದೊಡ್ಡ ಗಂಟಿತ್ತು.

"ಏನೇ ಅದು?"

"ಕೌದಿ. ನರ್ಸಮ್ಮಂಗೆ ಉಡುಗೊರೆ. ನೀವು ಅಂಗಡಿಗೆ ಹೋದ ಮೇಲೆ ಕೂತು, ತುಂಡು ಬಟ್ಟೆ ಸೇರಿಸಿ ನಾನೇ ಹೊಲಿದಿದೀನಿ."

ಅವಳು ಬೀದಿ ತಿರುಗಿದ ಮೇಲೆ 'ತುಂಡು ಬಟ್ಟೆ' ಎಂಬ ಮಾತು ಅವನ ತಲೆಗೆ ಹೋಯಿತು. ಹೋದದ್ದೇ ಮಂಚದ ಕೆಳಗೆ ಬಗ್ಗಿದ.

ಮಂಚದ ಕೆಳಗೊಂದು ಟ್ರಂಕಿತ್ತು. "ಬಟ್ಟೆ ಸಾಲಲಿಲ್ಲಮ್ಮಾ, ಹೇಗೋ ಹೊಂದಿಸಿದೆ" ಎಂದು ಗಿರಾಕಿಗಳ ಮುಂದೆ ಮುಖ ಸಣ್ಣಗೆ ಮಾಡಿ ಉಳಿಸಿಕೊಂಡ ತುಂಡುಗಳೆಲ್ಲ ಅದರೊಳಗೆ. ನರ್ಸಮ್ಮನ ಪರದೆ, ಮೇಷ್ಟ್ರ ಪ್ಯಾಂಟು, ಇನ್‌ಸ್ಪೆಕ್ಟರಮ್ಮನ ಖಾಕಿ! ಇವತ್ತು ಆ ಗಿರಾಕಿಗಳೆಲ್ಲ ಒಂದೇ ಮನೆಯಲ್ಲಿ. ಕೌದಿ ಬಿಚ್ಚಿದರೆ ಅಂಗಡಿ ಮುಚ್ಚಿದಂತೆಯೇ. ಟ್ರಂಕು ತೆಗೆದು ನೋಡೋಣವೆಂದರೆ ಬೀಗದ ಕೈ ಹೆಂಡತಿಯ ಸೊಂಟದಲ್ಲಿ. ಪಾಪ, ಬಿದ್ದೆನೋ ಎದ್ದೆನೋ ಎಂದು ಓಡಿದ.

ಹೊಸ ಮನೆಯ ಮೇಜಿನ ಮೇಲೆ, ಉಡುಗೊರೆ ಬಂದ ನಾಲ್ಕು ಗೋಡೆ ಗಡಿಯಾರಗಳ ಪಕ್ಕ, ಗಂಟು ಇನ್ನೂ ಬಿಚ್ಚದೆ ಕೂತಿತ್ತು. ಎಲ್ಲರೂ ಊಟದ ಗಲಾಟೆಯಲ್ಲಿದ್ದರು. ಟೈಲರಣ್ಣ ಅದನ್ನೆತ್ತಿ ಹಿತ್ತಿಲ ಬಾಗಿಲಿಗೆ ಕಾಲು ಕಿತ್ತ. ಬಾಗಿಲಲ್ಲೇ ಮೇಷ್ಟ್ರು ಕೈ ತೊಳೆಯುತ್ತ ನಿಂತಿದ್ದರು.

"ಏನಯ್ಯಾ, ಕೊಟ್ಟ ಉಡುಗೊರೆ ವಾಪಸ್ ಒಯ್ತಿದೀಯಾ?"

"ಒಂದು... ಒಂದು ಹೊಲಿಗೆ ಬಿಟ್ಟುಹೋಗಿದೆ ಮೇಷ್ಟ್ರೇ."

"ಎಲ್ಲಿ, ಕೊಡು ನೋಡೋಣ!"

ಮೇಷ್ಟ್ರು ಇತ್ತ ಎಳೆದರು, ಇವನು ಅತ್ತ ಎಳೆದ. ಕಾಗದ ಪರ್‍ರೆಂದಿತು. ಊಟ ಬಿಟ್ಟು ಜನ ಎದ್ದು ಬಂದರು. "ಏನ್ರೀ ಅದು ಗಲಾಟೆ?" ಎನ್ನುತ್ತ ಇನ್‌ಸ್ಪೆಕ್ಟರಮ್ಮನೂ ಬಂದರು. ಅಲ್ಲಿಗೆ ಟೈಲರಣ್ಣ ಗಂಟು ಬಿಟ್ಟು ಕೈ ಮುಗಿದ.

"ಬಿಚ್ಚಬೇಡಿ, ನಾನೇ ಹೇಳಿಬಿಡ್ತೀನಿ! ನರ್ಸಮ್ಮಾ, ನಿಮ್ಮ ಪರದೆ ಗಿಡ್ಡ ಆಗಿದ್ದು ನನ್ನಿಂದ. ಮೇಷ್ಟ್ರೇ, ಪ್ಯಾಂಟಿನ ಬಟ್ಟೆ ಬೇಕಾದಷ್ಟಿತ್ತು, ಸುಮ್ಮನೆ ನಿಮ್ಮ ಹೊಟ್ಟೆ ಮೇಲೆ ತಪ್ಪು ಹೊರಿಸಿದೆ. ಇನ್‌ಸ್ಪೆಕ್ಟರಮ್ಮಾ, ನಿಮ್ಮ ಖಾಕಿ ಬಟ್ಟೆ ಸಹ... ಎಲ್ಲಾ ಈ ಕೌದೀಲೇ ಇದೆ. ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ!"

ನರ್ಸಮ್ಮ ಮೆಲ್ಲಗೆ ಕಾಗದ ಸರಿಸಿ ಕೌದಿಯನ್ನು ಹರಡಿದರು. ಪರದೆಯೂ ಇಲ್ಲ, ಖಾಕಿಯೂ ಇಲ್ಲ. ಸುತ್ತ ಟೈಲರಣ್ಣನದೇ ಅಂಗಿಗಳ ತುಂಡು, ನಟ್ಟನಡುವೆ ಅವನ ಬೂದು ಕೋಟಿನ ಎದೆ.

"ಅಯ್ಯೋ, ಜೇಬೂ ಇದೆ!" ಎಂದರು ನರ್ಸಮ್ಮ.

ಅಡುಗೆಮನೆ ಬಾಗಿಲಲ್ಲಿ ಹೆಂಡತಿ ಹಣೆ ಚಚ್ಚಿಕೊಂಡಳು. "ನಿಮ್ಮ ಮರ್ಯಾದೆ ಉಳೀಲಿ ಅಂತ ಆ ಟ್ರಂಕು ಮುಟ್ಟದೆ ನಿಮ್ಮ ಬಟ್ಟೇನೇ ಕತ್ತರಿಸಿದೆನಲ್ರೀ!"

"ಟ್ರಂಕಾ?" ಎಂದರು ಇನ್‌ಸ್ಪೆಕ್ಟರಮ್ಮ. "ಯಾವ ಟ್ರಂಕು?"

ಊಟ ಅಷ್ಟಕ್ಕೇ ಬಿಟ್ಟು, ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಟೈಲರಣ್ಣನ ಮನೆ ಕಡೆ ಹೊರಟರು.