ಕರೆಂಟ್ ಕಂಪನಿಗೆ ಸಾಲ ಕೊಟ್ಟ ಟೈಲರ್

"ಇವತ್ತು ಆ ದುಡ್ಡು ಮನೆಗೆ ಬರಲಿಲ್ಲ ಅಂದ್ರೆ ನಾನು ನಿಮ್ಮ ಹೆಂಡತೀನೇ ಅಲ್ಲ" ಅಂತ ಅತ್ತೆ ಘೋಷಣೆ ಮಾಡಿದಾಗ ಅವಳ ಕೈಯಲ್ಲಿ ಕುದಿಯೋ ನೀರಿನ ಪಾತ್ರೆ ಇತ್ತು. ಅದರ ಎರಡೂ ಕಿವಿಗೆ ಹಳೇ ಬಟ್ಟೆ ಸುತ್ತಿ, ಅಡುಗೆಮನೆಯಿಂದ ಹೊರಟು, ನಡುಮನೆ ದಾಟಿ, ಗಂಡನ ಹೊಲಿಗೆ ಮೆಷಿನ್ನಿಗೆ ಸುತ್ತು ಹಾಕಿ, ನೆಲದ ಮೇಲಿನ ಬಟ್ಟೆ ಚೂರುಗಳಿಗೆ ಕಾಲು ಜಾರದ ಹಾಗೆ ಬಚ್ಚಲು ಮುಟ್ಟಬೇಕು. ಅಂಥ ಯಾತ್ರೆಯ ನಡುದಾರಿಯಲ್ಲಿ ನಿಂತು ಶಪಥ ಮಾಡೋದೆಂದರೆ ಸಣ್ಣ ಮಾತಲ್ಲ. ಗಂಡ ಸೂಜಿಗೆ ದಾರ ಪೋಣಿಸುತ್ತ, "ಮೊದಲು ನೀರು ಇಳಿಸು. ಹೆಂಡತಿ ಹೌದೋ ಅಲ್ವೋ ಆಮೇಲೆ ನೋಡೋಣ" ಅಂದ.

ಬೀದಿಗೆಲ್ಲ ಅವನು ಟೈಲರ್ ಮಾವ. ಆ ಲೆಕ್ಕದಲ್ಲಿ ಇವಳು ಎಲ್ಲರಿಗೂ ಅತ್ತೆ.

ಮನೆಯ ಗೀಸರ್ ಕೆಟ್ಟು ಎರಡು ಚಳಿಗಾಲ ಕಳೆದಿದ್ದವು. ರಿಪೇರಿಯವನು ಬಂದು, ಮುಚ್ಚಳ ಬಿಚ್ಚಿ ಒಳಗೆ ಇಣುಕಿ, ಸತ್ತವರ ಮುಖ ಮುಚ್ಚೋ ಹಾಗೆ ಮೆಲ್ಲಗೆ ಮುಚ್ಚಿ, ಹೊಸದು ತಗೊಳ್ಳಿ ಅಂದುಬಿಟ್ಟು ಹೋಗಿದ್ದ. ಹೊಸದಕ್ಕೆ ದುಡ್ಡೆಲ್ಲಿತ್ತು? ಅವತ್ತಿನಿಂದ ನೀರು ಒಲೆ ಮೇಲೆ, ಭಾರ ಅತ್ತೆಯ ಬಲಭುಜದ ಮೇಲೆ. ಭುಜ ಎಂಥ ಸ್ಥಿತಿಗೆ ಬಂದಿತ್ತೆಂದರೆ, ತಲೆ ಬಾಚಿಕೊಳ್ಳೋಕೆ ಕೈ ಮೇಲೆ ಹೋಗುತ್ತಿರಲಿಲ್ಲ. ತಲೆಯೇ ಕೈಯ ಹತ್ತಿರಕ್ಕೆ ಬರಬೇಕಾಗಿತ್ತು.

ಗೀಸರ್ ಸತ್ತ ಸುದ್ದಿಯನ್ನು ಕರೆಂಟ್ ಕಂಪನಿಗೆ ಯಾರೂ ಮುಟ್ಟಿಸಿರಲಿಲ್ಲ. ಅವರ ಏರ್ಪಾಟೇ ಒಂದು ಥರ. ಉರಿಸಿದ್ದು ಹೆಚ್ಚಾಗಲಿ, ಕಮ್ಮಿಯಾಗಲಿ, ತಿಂಗಳಿಗೆ ಒಂದೇ ಮೊತ್ತ ಬ್ಯಾಂಕಿನಿಂದ ತಾನಾಗಿ ಹೋಗುತ್ತದೆ. ಲೆಕ್ಕ ಸರಿ ಮಾಡೋದು ಆಮೇಲಿನ ಮಾತು. ಹಾಗೆ ಹೋಗಿ ಹೋಗಿ, ಒಂದು ದಿನ ಬಂದ ಬಿಲ್ಲಿನಲ್ಲಿ ಕಟ್ಟಬೇಕಾದ್ದು ಸೊನ್ನೆ. ಅದರ ಕೆಳಗೆ, ನಿಮ್ಮ ದುಡ್ಡೇ ನಮ್ಮ ಹತ್ತಿರ ಇಷ್ಟು ಉಳಿದಿದೆ ಅಂತ ಒಂದು ದಪ್ಪನೆಯ ಮೊತ್ತ! ಪಕ್ಕದ ಮನೆಯ ನರ್ಸಮ್ಮ ಓದಿ ನೋಡಿ, ಕೇಳಿದರೆ ವಾಪಸ್ ಕೊಡ್ತಾರೆ, ಒಂದು ಒಳ್ಳೇ ಗೀಸರ್ ಬರುತ್ತೆ ಅಂದಳು. ಅತ್ತೆಗೆ ಕೂಡಿಸಿ ಕಳೆಯೋದು ಅಷ್ಟಕ್ಕಷ್ಟೆ. ಆದರೂ ಇಷ್ಟು ತಿಳಿಯಿತು: ಗೀಸರ್ ಉರಿಯದೆ ಉಳಿದ ದುಡ್ಡು ಅದು. ತಾನು ಹೊತ್ತ ನೀರೆಲ್ಲ ಅಲ್ಲಿ ಹೋಗಿ ಕೂತಿದೆ.

ಮಾವನಿಗೆ ತಿಳಿದದ್ದೇ ಬೇರೆ. ಆ ಮನುಷ್ಯ ಹುಟ್ಟಾ ಬಾಕಿದಾರ. ಗುಂಡಿ ಅಂಗಡಿಗೆ ಬಾಕಿ, ದಾರದ ಅಂಗಡಿಗೆ ಬಾಕಿ, ಮನೆ ಬಾಡಿಗೆ ಬಾಕಿ. ಯಾವ ಸಂದಿಯಲ್ಲಿ ನುಗ್ಗಿದರೆ ಯಾರ ಕಣ್ಣಿಗೆ ಬೀಳದೆ ಮನೆ ಸೇರಬಹುದು ಅನ್ನೋದು ಅವನ ಕಾಲಿಗೇ ಗೊತ್ತಿತ್ತು. ಅಂಥವನಿಗೆ ಐದು ಮಹಡಿಯ ಕಂಪನಿಯೊಂದು ಬಾಕಿ ಬಿದ್ದಿದೆ! ಬಿಲ್ಲನ್ನು ಮೆಷಿನ್ನಿನ ಮೇಲೆ ಗೋಡೆಗೆ ಅಂಟಿಸಿದ. ಅಳತೆ ಕೊಡೋಕೆ ಬಂದವರನ್ನೆಲ್ಲ ಎದೆ ಸುತ್ತಳತೆ ತೆಗೆಯೋ ನೆಪದಲ್ಲಿ ಬಿಲ್ಲಿನ ಕಡೆಗೇ ತಿರುಗಿಸಿ ನಿಲ್ಲಿಸುತ್ತಿದ್ದ.

ಹೋಗಿ ಕೇಳಿ ಅಂತ ಅತ್ತೆ ಬೇಡಿಕೊಂಡಳು, ಗದರಿದಳು, ಊಟ ಬಡಿಸದೆ ಕೂತಳು. ಅವನದು ಒಂದೇ ಉತ್ತರ.

"ಕೊಟ್ಟವನು ಹೋಗಿ ಬಾಗಿಲು ತಟ್ಟಿದರೆ ಮರ್ಯಾದೆ ಏನು ಉಳೀತು? ನನ್ನ ಬಾಗಿಲು ತಟ್ಟಿದವರನ್ನ ನಾನು ಮನಸ್ಸಲ್ಲೇ ಏನೇನು ಬೈದಿದ್ದೀನಿ ನಿಂಗೊತ್ತಾ?"

ಕೇಳೋಕೆ ಹೋಗಲಿಲ್ಲ, ನೋಡೋಕೆ ಮಾತ್ರ ದಿನಾ ಸಂಜೆ ಹೋಗುತ್ತಿದ್ದ. ಕಂಪನಿ ಕಟ್ಟಡದ ಎದುರು, ಹಿಂದೆ ಕೈ ಕಟ್ಟಿಕೊಂಡು, ಗಸ್ತು. ಬಂದವನೇ ವರದಿ ಒಪ್ಪಿಸುತ್ತಿದ್ದ: ಮೂರನೇ ಮಹಡಿಯಲ್ಲಿ ಕತ್ತಲಾಗೋ ಮುಂಚೆಯೇ ದೀಪ ಉರೀತಿದೆ, ಗೇಟಿನ ಬಣ್ಣ ಏಳುತ್ತಿದೆ, ಕಾವಲಿನವನ ಬೂಟು ಬಾಯಿ ಬಿಟ್ಟಿದೆ, ಇವರ ಸ್ಥಿತಿ ಯಾಕೋ ಸರಿಯಿಲ್ಲ. ಸಾಲ ಇದ್ದಾಗ ಕೊರಡಿನ ಹಾಗೆ ನಿದ್ದೆ ಹೋಗುತ್ತಿದ್ದವನು, ಸಾಲ ಕೊಟ್ಟ ಮೇಲೆ ಹೊರಳಾಡತೊಡಗಿದ. ಆದರೂ ಆ ಮೊತ್ತ ಬೆಳೆಯಲಿ ಅನ್ನೋ ಆಸೆ ಬಿಡಲಿಲ್ಲ. ಮನೆಯ ದೀಪಗಳನ್ನೆಲ್ಲ ಆರಿಸಿ, ಕಿಟಕಿಯಿಂದ ಬರೋ ಬೆಳಕಲ್ಲೇ ಹೊಲಿಯೋಕೆ ಕೂತ. ಅದರ ಫಲವಾಗಿ ಬಸ್ ಡ್ರೈವರನ ಪ್ಯಾಂಟಿಗೆ ಒಂದು ಕಾಲು ಕಪ್ಪು, ಒಂದು ಕಾಲು ಕಡುನೀಲಿ ಬಂತು. ಡ್ರೈವರ್ ಅದನ್ನು ಎತ್ತಿ ಹಿಡಿದು, ಎರಡು ರೂಟಿಗೂ ಇದೊಂದೇ ಸಾಕು ಅಂತಾನಾ ಅಂತ ಕೇಳಿ ಬಿಸಾಕಿ ಹೋದ. ಹೊಲಿಗೆ ಬಿಚ್ಚೋ ಕೆಲಸ ಯಾರ ಪಾಲಿಗೆ ಬಂತು ಅಂತ ಬೇರೆ ಹೇಳಬೇಕಾಗಿಲ್ಲ. ಮಾರನೇ ದಿನ ಬೆಳಿಗ್ಗೆಯೇ ಅತ್ತೆ ನಡುಮನೆಯಲ್ಲಿ ಪಾತ್ರೆ ಹಿಡಿದು ಶಪಥ ಮಾಡಿದ್ದು.

ಶಪಥ ಮಾಡಿದವಳು ಅರ್ಧ ದಾರಿ ಬಸ್ಸಿನಲ್ಲಿ, ಅರ್ಧ ದಾರಿ ನಡೆದುಕೊಂಡು ಹೋಗಿ ಕಂಪನಿಯ ಸರದಿ ಸಾಲಲ್ಲಿ ನಿಂತಳು. ಕೌಂಟರಿನ ಹುಡುಗಿ ಒಳ್ಳೆಯವಳೇ. ಆದರೆ ಖಾತೆ ಯಾರ ಹೆಸರಲ್ಲಿದೆಯೋ ಅವರೇ ಬಂದು ಕೇಳಬೇಕು, ಬೇರೆ ಯಾರಿಗೂ ಕೊಡೋ ಹಾಗಿಲ್ಲ ಅಂದಳು. ಹೊತ್ತವಳು ನಾನಮ್ಮ ಅಂತ ಅತ್ತೆ ಭುಜ ತೋರಿಸಿದಳು. ಭುಜಕ್ಕೆ ಅವರಲ್ಲಿ ಖಾತೆ ಇರಲಿಲ್ಲ.

ಹೊರಗೆ ಬಂದಾಗ ಕಟ್ಟಡದ ಮುಂದೆ ಲಾರಿಯಿಂದ ಹೊಸ ಕುರ್ಚಿಗಳನ್ನು ಇಳಿಸಿ ಒಳಗೆ ಒಯ್ಯುತ್ತಿದ್ದರು. ಅತ್ತೆ ನೋಡಿದಳು. ಮನೆಗೆ ಬಂದು, ಕಂಪನಿ ಮುಂದೆ ಲಾರಿ ನಿಂತಿದೆ, ಕುರ್ಚಿ ಸಾಗಿಸ್ತಿದ್ದಾರೆ ಅಂದಳು. ಒಳಕ್ಕೋ ಹೊರಕ್ಕೋ ಅಂತ ಹೇಳಲಿಲ್ಲ, ಅಷ್ಟೇ.

ಮಾವ ಮೆಷಿನ್ ಮೇಲೆ ಬಟ್ಟೆ ಹಾಗೇ ಬಿಟ್ಟು, ಗಿರಾಕಿಗೆ ಹೊಲಿದಿಟ್ಟ ಕೋಟು ತಾನೇ ತೊಟ್ಟುಕೊಂಡು ಓಡಿದ. ಅತ್ತೆ ಹಿಂದೆ ಹಿಂದೆ.

ಕೌಂಟರಿನ ಹುಡುಗಿ ಖಾತೆ ತೆಗೆದು ನೋಡಿದಳು. ಕೋಟಿನ ಮಹಿಮೆಯೋ, ಅವಳ ಸ್ವಭಾವವೋ, ಎದ್ದು ನಿಂತು ಮಾವನಿಗೆ ಕುರ್ಚಿ ಹಾಕಿಸಿದಳು.

"ಕ್ಷಮಿಸಿ ಸರ್. ನಿಮ್ಮ ದುಡ್ಡು ಇಷ್ಟು ದಿನ ನಮ್ಮ ಹತ್ತಿರ ಉಳಿದುಬಿಟ್ಟಿದೆ. ಹೂಂ ಅಂದರೆ ಈಗಲೇ ವಾಪಸ್ ಕಳಿಸ್ತೀನಿ."

ಮಾವ ಕೂತಲ್ಲೇ ಮೆತ್ತಗಾದ. ಕೌಂಟರಿನ ಆ ಕಡೆಯಿಂದ ಅವನಿಗೆ ಕ್ಷಮಿಸಿ ಅಂದವರು ಇವತ್ತಿನವರೆಗೆ ಯಾರಿದ್ದರು? ಕೋಟಿನ ತೋಳು ಸರಿ ಮಾಡಿಕೊಂಡ. ಎಷ್ಟೋ ವರ್ಷದಿಂದ ಗುಂಡಿ ಅಂಗಡಿಯವನ ಬಾಯಿಂದ, ದಾರದ ಅಂಗಡಿಯವನ ಬಾಯಿಂದ ಕೇಳಬೇಕು ಅಂತ ಕಾದು ಕಾದು ಸಿಗದ ಮಾತು ಅವನ ಬಾಯಿಂದಲೇ ಬಂತು.

"ಅವಸರ ಏನಿಲ್ಲ ತಾಯಿ. ಅನುಕೂಲ ಆದಾಗ ಕೊಡಿ."

ಅತ್ತೆ ಬಾಯಿ ತೆರೆದಳು. ಬೈಗುಳ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಅವನ ಮುಖ ಕಂಡಿತು. ಇಷ್ಟು ವರ್ಷದ ಸಂಸಾರದಲ್ಲಿ ಆ ಮುಖ ಅಷ್ಟು ನೆಟ್ಟಗೆ ಎತ್ತಿದ್ದನ್ನು ಅವಳು ನೋಡಿರಲಿಲ್ಲ. ಬೈಗುಳ ನುಂಗಿಕೊಂಡಳು. ಹುಡುಗಿ ಏನೋ ಬರೆದುಕೊಂಡು ಮುಂದಿನವರನ್ನು ಕರೆದಳು.

ಮನೆಯವರೆಗೂ ಅತ್ತೆ ತನ್ನನ್ನು ತಾನೇ ಶಪಿಸಿಕೊಂಡು ನಡೆದಳು. ಸಾಲ ಕೊಟ್ಟ ದೊರೆಯ ಉದಾರತೆ ಮಾತ್ರ ಇನ್ನೂ ಇಳಿದಿರಲಿಲ್ಲ. ಇನ್ನು ಮೇಲೆ ನೀರು ನಾನೇ ಹೊರ್ತೀನಿ, ನೀನು ಕೂತ್ಕೋ ಅಂದ. ಅವಳು ಕೂತಳು. ಬೇಡ ಅನ್ನೋಷ್ಟು ಶಕ್ತಿಯೂ ಉಳಿದಿರಲಿಲ್ಲ. ಮೊದಲನೇ ಬೆಳಿಗ್ಗೆ ಮಾವ ಪಾತ್ರೆಯನ್ನು ಕಿರೀಟದ ಹಾಗೆ ಹೊತ್ತ. ಮರುದಿನ ನಡುಮನೆಯಲ್ಲಿ ಒಮ್ಮೆ ಇಳಿಸಿ ಉಸಿರು ಬಿಟ್ಟ. ವಾರ ಕಳೆಯೋದರೊಳಗೆ ಭುಜ ಹಿಡಿದುಕೊಂಡು, ಕತ್ತರಿ ಅಡ್ಡ ಹೋಗಿ ಒಂದು ಕಾಲರ್ ಹಾಳಾಯಿತು. ಅವನು ಪಾತ್ರೆಯ ಕಡೆ ನೋಡಿ, "ಇದನ್ನ ಎರಡು ಚಳಿಗಾಲ ಹೊತ್ತೆಯಾ?" ಅಂತ ಕೇಳಿದ. ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡು ಕಂಪನಿಗೆ ಹೊರಟ. ಈ ಸಲ ಕೋಟು ಇರಲಿಲ್ಲ.

ಅತ್ತೆಗೆ ಗೆದ್ದ ಸಂಭ್ರಮ. ಅವನು ಬೀದಿ ತಿರುಗೋದನ್ನೇ ಕಾದು, ಸೀದಾ ಗೀಸರ್ ಅಂಗಡಿಗೆ ಹೋದಳು. ಬಿಳೀದೊಂದನ್ನು ಆರಿಸಿ, ಬೆಳಿಗ್ಗೆಯೇ ತಂದು ಕೂರಿಸಪ್ಪ, ದುಡ್ಡು ಕೈಗೇ ಕೊಡ್ತೀನಿ ಅಂದಳು. ಬರುತ್ತಾ ನರ್ಸಮ್ಮನಿಗೂ ಹೇಳಿದಳು. ಮನೆಗೆ ಬಂದು ಆ ದೊಡ್ಡ ಪಾತ್ರೆ ತೊಳೆದು, ಸ್ಟೂಲು ಹತ್ತಿ ಎಡಗೈಯಲ್ಲೇ ಅಟ್ಟಕ್ಕೆ ಎತ್ತಿಟ್ಟಳು.

ಸಂಜೆ ಮಾವ ಬಂದು ಮೆಷಿನ್ ಮುಂದೆ ಕೂತ.

"ಕೇಳಿದ್ರಾ?"

"ಕೇಳ್ದೆ. ಆ ಹುಡುಗಿ ಇರಲಿಲ್ಲ, ಬೇರೆ ಯಾವನೋ ಇದ್ದ. ಅವಸರ ಇಲ್ಲ ಅಂತ ನೀವೇ ಹೇಳಿ ಬರೆಸಿದ್ದೀರಲ್ಲ, ಈಗ ಎಲ್ಲ ಮೊದಲಿಂದ ಆಗಬೇಕು ಅಂದ." ಮಾವ ಕೊರಳಿನ ಅಳತೆ ಟೇಪನ್ನು ನಿಧಾನವಾಗಿ ಸುತ್ತಿದ. "ನಾಳೆ ಬನ್ನಿ ಅಂದ."

ಅತ್ತೆಗೆ ಹೋದ ಜೀವ ಬಂತು. "ಅಷ್ಟೇನಾ? ನಾಳೆ ತಾನೇ? ಗೀಸರಿನವನೂ ನಾಳೆನೇ ಬರ್ತಾನೆ, ಒಂದು ಗಳಿಗೆ ಕೂರಿಸಿಕೊಂಡರಾಯ್ತು."

ಮಾವ ತಲೆ ಎತ್ತಿ ಹೆಂಡತಿಯನ್ನು ನೋಡಿದ.

"ಲೇ, ಕತ್ತರಿ ಹಿಡಿದ ದಿನದಿಂದ ಆ ಮಾತು ಹೇಳ್ಕೊಂಡೇ ನಾನು ಅನ್ನ ತಿಂದಿದ್ದೀನಿ. ನಾಳೆ ಬನ್ನಿ ಅನ್ನೋರ ಮುಖ ನನಗೆ ಗೊತ್ತಾಗಲ್ವಾ? ಅವರಿನ್ನೂ ಬಟ್ಟೆಗೆ ಕತ್ತರೀನೇ ಹಾಕಿಲ್ಲ. ಅಟ್ಟದಿಂದ ಪಾತ್ರೆ ಇಳಿಸು."