ಡೆಂಗಿ ಬಂದಿತ್ತೇ ಎಂದು ಕೇಳಲು ಹೋಗಿ

ಒಂದು ಪ್ರಶ್ನೆ ಕೇಳಿದರೆ ಒಂದೇ ಉತ್ತರ ಸಿಗುವ ಕೆಲಸ ನನ್ನದಲ್ಲ. ನಾನು ಆರೋಗ್ಯ ಕೇಂದ್ರದ ಸಹಾಯಕಿ. ಬರೆಯುವುದು ಇದೇ ಮೊದಲು, ಹಾಗಾಗಿ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ.

ಡೆಂಗಿಗೆ ಹೊಸ ಲಸಿಕೆ ಬರಬಹುದು, ಜನ ಏನೆನ್ನುತ್ತಾರೆ ಕೇಳಿ ಬನ್ನಿ ಎಂದು ನಮ್ಮನ್ನು ಕಳಿಸಿದ್ದರು. ಹೇಳಬೇಕಾದ್ದನ್ನು ಡಾಕ್ಟರು ನನಗೆ ಬಾಯಿಪಾಠ ಮಾಡಿಸಿದ್ದರು. ಹಿಂದೆ ಹೊರದೇಶದಲ್ಲಿ ಬಂದ ಒಂದು ಲಸಿಕೆ, ಒಮ್ಮೆ ಡೆಂಗಿ ಬಂದು ಹೋದವರನ್ನು ಚೆನ್ನಾಗಿ ಕಾಯಿತು. ಬಾರದವರಲ್ಲಿ ಕೆಲವರಿಗೆ ಮಾತ್ರ ಆಮೇಲೆ ಬಂದ ಡೆಂಗಿ ಜೋರಾಯಿತು. ಹೊಸದರಲ್ಲೂ ಹಾಗಾಗುತ್ತದೋ ಇಲ್ಲವೋ ಎಂದು ಇನ್ನೂ ನೋಡುತ್ತಿದ್ದಾರೆ. ಅದಕ್ಕೇ ನಮ್ಮ ಫಾರ್ಮಿನ ಮೊದಲ ಪ್ರಶ್ನೆ: "ನಿಮಗೆ ಹಿಂದೆ ಡೆಂಗಿ ಬಂದಿತ್ತೇ?" ಕೊನೆಯಲ್ಲಿ 'ಅಪಾಯ' ಎಂದೊಂದು ಸಾಲು, ಲಸಿಕೆಯಿಂದ ಏನು ಅಪಾಯ ಆಗಬಹುದೆಂದು ಜನ ಹೇಳಿದ್ದನ್ನು ಬರೆಯಲು.

ನಮ್ಮ ಬಾಡಿಗೆ ಜೀಪಿನ ಚಾಲಕರು ಯಲ್ಲಾಪುರದವರು. ಹೋದ ಮಳೆಗಾಲದಲ್ಲಿ ಅವರ ಮಗ ಡೆಂಗಿಯಿಂದ ಸತ್ತು ಬದುಕಿದ್ದ. ಮಗಳಿಗೆ ಬಂದಿರಲಿಲ್ಲ. ಜೀಪು ಹತ್ತಿದರೆ ಅವರದ್ದು ಒಂದೇ ಮಾತು: "ಅಕ್ಕೋರೆ, ನನ್ನ ಮಕ್ಕಳಿಗೆ ಹಾಕಿಸ್ಬೇಕಾ, ಬೇಡವಾ?"

ಹದಿನೆಂಟರ ಗತ್ತು

ಇಸಳೂರಿನಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಯಜಮಾನರು ಸಿಕ್ಕಿದರು. ಇಬ್ಬರಿಗೂ ಡೆಂಗಿ ಬಂದಿತ್ತು.

"ನನ್ನ ಪ್ಲೇಟ್‌ಲೆಟ್ ಹದಿನೆಂಟಕ್ಕೆ ಇಳಿದಿತ್ತು" ಎಂದರು ಒಬ್ಬರು. ಹದಿನೆಂಟು ಎಂದರೆ ಹದಿನೆಂಟು ಸಾವಿರ. ಇಳಿದಷ್ಟೂ ಕೆಟ್ಟದ್ದು.

"ನಂದು ಎಂಬತ್ತು" ಎಂದರು ಇನ್ನೊಬ್ಬರು, ತುಸು ಸಣ್ಣ ದನಿಯಲ್ಲಿ.

"ಎಂಬತ್ತೂ ಒಂದು ಡೆಂಗಿಯಾ ಮಾರಾಯ? ಅದು ಬಸ್ಸಲ್ಲಿ ಬಂದು ಬಸ್ಸಲ್ಲಿ ಹೋಗೋ ಜ್ವರ."

ಒಳಗಿನಿಂದ ಹದಿನೆಂಟರವರ ಹೆಂಡತಿ ಬಂದರು. "ಇವರ ಹದಿನೆಂಟಕ್ಕೆ ಎಂಟು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವಳು ನಾನು. ಲಸಿಕೆ ಬಂದರೆ ಇವರಿಗೊಂದು ಹಾಕಿ, ನನ್ನ ಸೊಂಟಕ್ಕೊಂದು ಹಾಕಿ."

ಪಪ್ಪಾಯಿಯ ಸಾಕ್ಷಿ

ಸಿದ್ದಾಪುರದ ಕಡೆ ಒಬ್ಬರು ಅಜ್ಜಿ ನಾನು ಪ್ರಶ್ನೆ ಮುಗಿಸುವ ಮೊದಲೇ "ಯಂಗೆ ಬಂದಿತ್ತು" ಎಂದರು. ಹವ್ಯಕರ ಮಾತಿನಲ್ಲಿ 'ಯಂಗೆ' ಎಂದರೆ ನನಗೆ, 'ಆನು' ಎಂದರೆ ನಾನು.

"ರಕ್ತ ಪರೀಕ್ಷೆ ಮಾಡಿಸಿದ್ರಾ ಅಜ್ಜಿ?"

"ಇಲ್ಲೆ. ಮೂರು ದಿನ ಪಪ್ಪಾಯಿ ಎಲೆ ರಸ ಕುಡದ್ದಿ."

ನಾನು ತಾಳ್ಮೆಯಿಂದ ವಿವರಿಸಿದೆ. ಎಲ್ಲ ಜ್ವರವೂ ಡೆಂಗಿಯಲ್ಲ, ಪರೀಕ್ಷೆಯಲ್ಲಿ ಗೊತ್ತಾಗಬೇಕು, ಎಲೆಯ ರಸ ಕುಡಿದದ್ದು ದಾಖಲೆಯಾಗುವುದಿಲ್ಲ. ವಿವರಣೆ ಸ್ವಲ್ಪ ಉದ್ದವಾಯಿತು. ಅಜ್ಜಿ ಪೂರ್ತಿ ಕೇಳಿದರು.

"ಡೆಂಗಿ ಅಲ್ದಿದ್ರೆ ಆ ಕಹಿಯ ಆನು ಎಂತಕ್ಕೆ ಕುಡಿತಿದ್ದಿ? ಸಂಶಯ ಇದ್ರೆ ಹಿತ್ತಿಲಿಗೆ ಹೋಗಿ ಗಿಡ ನೋಡು. ಒಂದು ಎಲೆ ಉಳಿದಿದ್ದಿಲ್ಲೆ."

ಹೋಗಿ ನೋಡಿದೆ. ನಿಜವಾಗಿಯೂ ಒಂದೂ ಇರಲಿಲ್ಲ. ಜೀಪಿನಲ್ಲಿ ಚಾಲಕರು "ಅಜ್ಜಿಗೆ ಬಂದಿತ್ತೋ ಇಲ್ಲವೋ ಅಲ್ಲಾಗೇ ಗೊತ್ತು. ಗಿಡಕ್ಕಂತೂ ಜೋರಾಗೇ ಬಂದಿತ್ತು" ಎಂದರು. ಆಮೇಲೆ ಮತ್ತೆ ಅದೇ ಮಾತು: "ನನ್ನ ಮಕ್ಕಳದ್ದು ಹೇಳಿಲ್ಲ ನೀವು."

ಡ್ರಮ್ಮಿನ ಪಕ್ಕ

ಕೊನೆಯ ದಿನ ಯಲ್ಲಾಪುರ. ಕೆಲಸ ಮುಗಿದ ಮೇಲೆ ಚಾಲಕರು ಚಹಾಕ್ಕೆಂದು ಮನೆಗೆ ಕರೆದೊಯ್ದರು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಗಂಡ, ಹೆಂಡತಿ, ಹತ್ತು ವರ್ಷದ ಮಗ, ಆರು ವರ್ಷದ ಮಗಳು ನನ್ನೆದುರು ಸಾಲಾಗಿ ಕೂತರು.

"ಲಸಿಕೆಗೆ ಒಪ್ಪಿಗೆ ಬಂದರೆ ನಿಮ್ಮ ಮಗನಂಥವರಿಗೆ ಲಾಭವೇ ಹೆಚ್ಚು ಅಂತ ಕಾಣ್ತದೆ. ಒಮ್ಮೆ ಬಂದು ಹೋಗಿದೆಯಲ್ಲ. ಎರಡನೇ ಸಲ ಬಂದರೆ ಇನ್ನೂ ಜೋರಾಗಬಹುದು, ಅದನ್ನ ತಡೀಬೇಕು" ಎಂದೆ.

"ಮಗಳಿಗೆ?" ತಾಯಿ ಕೇಳಿದರು.

"ಬಾರದವರ ವಿಷಯ ಇನ್ನೂ ಪೂರ್ತಿ ತಿಳಿದಿಲ್ಲ. ಕಾಯೋದು ಒಳ್ಳೇದು. ಅಲ್ಲಿಯವರೆಗೆ ಸೊಳ್ಳೆ ಕಚ್ಚದ ಹಾಗೆ ನೋಡ್ಕೊಳ್ಳಿ." ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಈ ಸೊಳ್ಳೆ ಹಗಲು ಹೊತ್ತು ಕಚ್ಚುತ್ತದೆ, ಮುಚ್ಚದ ಡ್ರಮ್ಮಿನ ನೀರಲ್ಲಿ ಹುಟ್ಟುತ್ತದೆ, ಮೈತುಂಬ ಬಟ್ಟೆ ಹಾಕಬೇಕು, ಎಲ್ಲ ಹೇಳಿದೆ.

ಚಹಾ ಮುಗಿಯಿತು. ನೋಡಿದರೆ ಮಗಳಿಲ್ಲ.

ಹಿತ್ತಿಲಲ್ಲಿ ಸಿಕ್ಕಿದಳು. ನೀರಿನ ಡ್ರಮ್ಮಿನ ಮುಚ್ಚಳ ತೆಗೆದಿಟ್ಟು, ತೋಳು ಮಡಚಿ, ಪೈಜಾಮ ಮೊಣಕಾಲಿನ ಮೇಲೆ ಏರಿಸಿ, ಕಾಲು ಚಾಚಿ ಕೂತಿದ್ದಳು.

"ಎಂತ ಮಾಡ್ತಿದ್ದಿ ಬೇಟಿ?" ಎಂದರು ಅಪ್ಪ.

"ಸೊಳ್ಳೆ ಕಾಯ್ತಿದ್ದೇನೆ. ಒಂದ್ಸಲ ಡೆಂಗಿ ಬಂದ್ರೆ ನನಗೂ ಸೂಜಿ ಕೊಡ್ತಾರಂತೆ, ಅಣ್ಣನ ಹಾಗೆ. ಅಕ್ಕೋರೇ ಹೇಳಿದ್ದು."

ಯಾರೂ ನಗಲಿಲ್ಲ. ಅಪ್ಪ ಅವಳನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರು, ಕೈಕಾಲು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೂ ಕಚ್ಚಿದ ಗುರುತಿರಲಿಲ್ಲ. ಡ್ರಮ್ಮಿಗೆ ಮುಚ್ಚಳ ಹಾಕಿ, ಮೇಲೊಂದು ಕಲ್ಲು ಹೇರಿ, ಉಸಿರು ಬಿಟ್ಟು ನನ್ನ ಕಡೆ ತಿರುಗಿದರು.

"ಅಕ್ಕೋರೆ, ಮಗನಿಗೆ ಹಾಕಿಸ್ತೇನೆ, ಇವಳಿಗೆ ಕಾಯ್ತೇನೆ. ನಿಮ್ಮ ಫಾರ್ಮಲ್ಲಿ 'ಅಪಾಯ' ಅಂತ ಒಂದು ಸಾಲು ಉಂಟಲ್ಲ, ಅಲ್ಲಿ ಇವಳ ಹೆಸರು ಬರ್ಕೊಳ್ಳಿ."

ಮಗಳು ಅಪ್ಪನ ಹೆಗಲ ಮೇಲಿಂದ ಅಣ್ಣನನ್ನು ನೋಡಿ ಹೇಳಿದಳು: "ನೋಡು, ನನ್ನ ಹೆಸರೇ ಮೊದಲು ಬಂತು."